ಸೋಲಾರ್ ಪಂಪಿನ ಡ್ರೈವ್: ಎಚ್‌ಪಿ ಅಲ್ಲ, ಆಂಪ್ಸ್ ನೋಡಿ ಕೊಳ್ಳಿ

ಡ್ರೈವ್ ಅಂದರೆ ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮೋಟರಿಗೆ ಬೇಕಾದ ಎಸಿಯಾಗಿಸಿ ವೇಗ ಹೊಂದಿಸುವ ಪೆಟ್ಟಿಗೆ. ಬೋರಿನೊಳಗೆ ಮುಳುಗಿರುವ ಸಬ್‌ಮರ್ಸಿಬಲ್ ಮೋಟರು ಅದೇ ಎಚ್‌ಪಿಯ ಮಾಮೂಲಿ ಮೋಟರಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. 5 ಎಚ್‌ಪಿ ಅಂತ ಲೆಕ್ಕ ಹಾಕಿ 3.7 ಕಿಲೋವ್ಯಾಟ್ ಡ್ರೈವ್ ತಂದರೆ ಬೇಸಿಗೆ ಮಧ್ಯಾಹ್ನ ಓವರ್‌ಲೋಡ್ ಟ್ರಿಪ್ ತಪ್ಪುವುದಿಲ್ಲ. ನೇಮ್‌ಪ್ಲೇಟಿನ ಆಂಪ್ಸ್‌ಗಿಂತ ಶೇ 20ರಷ್ಟಾದರೂ ಹೆಚ್ಚು ಕೊಡುವ ಡ್ರೈವ್ ಬೇಕು. 5 ಎಚ್‌ಪಿಗೆ ಸಾಮಾನ್ಯವಾಗಿ 5.5 ಕಿಲೋವ್ಯಾಟಿನದು.

ಜನ ಹೆಚ್ಚು ಎಡವುವುದು ಪ್ಯಾನೆಲ್ ಲೆಕ್ಕದಲ್ಲಿ. 415 ವೋಲ್ಟ್ ಮೋಟರು ಪೂರ್ತಿ ವೇಗದಲ್ಲಿ ತಿರುಗಲು ಡಿಸಿ ಕಡೆ ಸುಮಾರು 587 ವೋಲ್ಟ್ ಇರಬೇಕು. ಲೋಡಿನಲ್ಲಿ 37.5, ಲೋಡಿಲ್ಲದಾಗ 46 ವೋಲ್ಟ್ ಕೊಡುವ 330 ವ್ಯಾಟಿನ ಪ್ಯಾನೆಲ್ 16 ಸೀರೀಸ್‌ನಲ್ಲಿ (ಒಂದರ ಹಿಂದೊಂದು ಜೋಡಿಸಿ) ಹಾಕಿದರೆ ಲೋಡಿನಲ್ಲಿ 600 ವೋಲ್ಟ್. ಆದರೆ ಏಪ್ರಿಲ್ ಬಿಸಿಲಿಗೆ ಪ್ಯಾನೆಲ್ 65 ಡಿಗ್ರಿ ಕಾದಾಗ ಅದು 516ರ ಆಸುಪಾಸಿಗೆ ಇಳಿಯುತ್ತದೆ. ಬೂಸ್ಟ್ (ವೋಲ್ಟ್ ಏರಿಸುವ ಸೌಲಭ್ಯ) ಇಲ್ಲದ ಡ್ರೈವಿನಿಂದ ಆಗ ಮೋಟರಿಗೆ ಸಿಗುವುದು 365 ವೋಲ್ಟ್, 50ರ ಬದಲು 44 ಹರ್ಟ್ಸ್; ಹರ್ಟ್ಸ್ ಇಳಿದಷ್ಟೂ ವೇಗವೂ ಇಳಿಯುತ್ತದೆ. ಪಂಪಿನ ಹೆಡ್ (ನೀರು ಎತ್ತುವ ಎತ್ತರ) ವೇಗದ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ, ವಾಲ್ವ್ ಮುಚ್ಚಿದಾಗ 150 ಮೀಟರ್ ಎತ್ತುವ ಪಂಪು 116ಕ್ಕೇ ನಿಲ್ಲುತ್ತದೆ. ನೀರು 400 ಅಡಿಯಲ್ಲಿದ್ದರೆ, ಅಂದರೆ 122 ಮೀಟರ್, ಸುಡುಬಿಸಿಲಿನಲ್ಲೇ ಮೋಟರು ತಿರುಗುತ್ತದೆ, ಪೈಪಿನಲ್ಲಿ ಹನಿ ನೀರಿಲ್ಲ. ಪಾಪ, ಪಂಪು ಕೆಟ್ಟಿದೆ ಅಂತ ರೈತರು ಬೋರಿನಿಂದ ಎತ್ತಿಸಿ ದುಡ್ಡು ಕಳೆದುಕೊಳ್ಳುತ್ತಾರೆ.

ಇನ್ನೊಂದು ಪ್ಯಾನೆಲ್ ಸೇರಿಸೋಣ ಅಂದರೆ ಅದಕ್ಕೂ ಮಿತಿಯಿದೆ. 17ಕ್ಕೆ ಲೋಡಿಲ್ಲದಾಗ 782 ವೋಲ್ಟ್. ಡಿಸೆಂಬರ್ ಬೆಳಗಿನ 10 ಡಿಗ್ರಿ ಚಳಿಗೆ 810 ದಾಟುತ್ತದೆ. ಡ್ರೈವಿನ ಮಿತಿ 800 ಆಗಿದ್ದರೆ ಒಳಗಿನ ಕೆಪಾಸಿಟರ್‌ಗಳಿಗೆ ಅಪಾಯ. 16ಕ್ಕೇ ನಿಲ್ಲಿಸಿ, 380 ವೋಲ್ಟಿಗೆ ಸುತ್ತಿದ ಮೋಟರು ಆರಿಸಿಕೊಳ್ಳುವುದು ಒಳ್ಳೆಯದು: ಅದೇ 365 ವೋಲ್ಟಿಗೆ 48 ಹರ್ಟ್ಸ್, 138 ಮೀಟರ್ ಸಿಗುತ್ತದೆ. ಆಂಪ್ಸ್ ಸ್ವಲ್ಪ ಜಾಸ್ತಿ, ಅದನ್ನು ಡ್ರೈವ್ ಲೆಕ್ಕಕ್ಕೆ ಸೇರಿಸಿ.

ಹಳೆಯ ಸ್ಟಾರ್ಟರ್, ಕೆಪಾಸಿಟರ್ ಎರಡನ್ನೂ ಡ್ರೈವ್ ಮತ್ತು ಮೋಟರಿನ ನಡುವೆ ಉಳಿಸಲೇಬೇಡಿ. ಕೇಬಲ್ ಉದ್ದವಾದಷ್ಟೂ ಡ್ರೈವಿನ ಪಲ್ಸ್ ಮೋಟರಿನ ತುದಿಯಲ್ಲಿ ಪ್ರತಿಫಲಿಸಿ ಸಾವಿರ ವೋಲ್ಟ್ ದಾಟಬಹುದು, ವೈಂಡಿಂಗ್ ಸುಡುವುದು ಹೀಗೆ. ಕೋಲಾರದ ಕಡೆಯ ಆಳದ ಬೋರುಗಳಿಗಂತೂ ಡ್ರೈವಿನ ಪಕ್ಕದಲ್ಲೇ ಡಿವಿ-ಡಿಟಿ ಫಿಲ್ಟರ್ (ಪಲ್ಸ್ ಏರುವ ವೇಗ ತಗ್ಗಿಸುವ ಸಾಧನ) ಬೇಕೇ ಬೇಕು. ಸ್ವಿಚಿಂಗ್ ಫ್ರೀಕ್ವೆನ್ಸಿ, ಅಂದರೆ ಡ್ರೈವ್ ಸೆಕೆಂಡಿಗೆ ಎಷ್ಟು ಪಲ್ಸ್ ಕೊಡುತ್ತದೆ ಎಂಬ ಸೆಟ್ಟಿಂಗ್, 2ರಿಂದ 4 ಕಿಲೋಹರ್ಟ್ಸ್‌ನಲ್ಲಿಡಿ. ಪಂಪಿನ ಒತ್ತಡವನ್ನು ಹೊರುವ, ನೀರಿನಿಂದಲೇ ತಂಪಾಗುವ ಥ್ರಸ್ಟ್ ಬೇರಿಂಗ್ ಉಳಿಯಬೇಕಾದರೆ 30 ಹರ್ಟ್ಸ್‌ಗಿಂತ ಕೆಳಗೆ ಓಡಿಸಬೇಡಿ.

ಪ್ಯಾನೆಲ್ ಕಡೆಗೆ 1000 ವೋಲ್ಟಿನ ಡಿಸಿ ಐಸೊಲೇಟರ್ (ಲೈನ್ ಕಡಿಯುವ ಸ್ವಿಚ್) ಮತ್ತು ಸಿಡಿಲಿನಂಥ ದಿಢೀರ್ ಏರುವೋಲ್ಟೇಜ್ ತಡೆಯುವ ಡಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿ. ಎಸಿ ಎಂಸಿಬಿ ಇಲ್ಲಿ ಬೆಂಕಿಗೆ ದಾರಿ, ಡಿಸಿಯ ಕಿಡಿ ತಾನಾಗಿ ಆರುವುದಿಲ್ಲ. ಸರ್ಜ್ ಪ್ರೊಟೆಕ್ಟರಿನ ಅರ್ಥ್ ತಂತಿ ಅರ್ಧ ಮೀಟರಿಗಿಂತ ಉದ್ದ ಬೇಡ. ಒಂದೇ ಸ್ಟ್ರಿಂಗಿಗೆ (ಸೀರೀಸ್ ಪ್ಯಾನೆಲ್‌ಗಳ ಸಾಲಿಗೆ) ಫ್ಯೂಸ್ ಬೇಕಿಲ್ಲ, ಮೂರು ಪ್ಯಾರಲಲ್ ಆದರೆ ಬೇಕು. ಡ್ರೈವ್ ಪೆಟ್ಟಿಗೆ ಪ್ಯಾನೆಲ್‌ಗಳ ಉತ್ತರದ ನೆರಳಿನಲ್ಲಿರಲಿ. ಕೇಬಲ್ ತೂತುಗಳಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯುವ ಮುಚ್ಚಳ) ಹಾಕದಿದ್ದರೆ ಹಲ್ಲಿ ನುಗ್ಗಿ ಬೋರ್ಡ್ ಶಾರ್ಟ್ ಮಾಡುತ್ತದೆ.

ನೀರಿಲ್ಲದೆ ಪಂಪು ಓಡದಂತೆ ತಡೆಯುವ ಡ್ರೈ ರನ್ ಸೆಟ್ಟಿಂಗಿಗೆ ಬರೀ ಆಂಪ್ಸ್ ನಂಬಬೇಡಿ. ಮೋಡ ಕವಿದಾಗಲೂ ಕರೆಂಟ್ ಇಳಿಯುತ್ತದೆ, ನೀರಿದ್ದರೂ ಪಂಪು ನಿಂತುಬಿಡುತ್ತದೆ. ಆಯಾ ಹರ್ಟ್ಸ್‌ಗೆ ತಕ್ಕ ಪವರ್ ನೋಡಿ ನಿಲ್ಲುವಂತೆ ಸೆಟ್ ಮಾಡಿ, ಬೋರು ತುಂಬುವ ವೇಗ ನೋಡಿಕೊಂಡು ಮರುಚಾಲನೆಗೆ 30ರಿಂದ 60 ನಿಮಿಷ ಕೊಡಿ.