ಸ್ವಿಂಡನ್ನಿನ ಮನೆಗೊಂದು 11ನೇ ಕಾಲಂ

ಕಳೆದ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸ್ವಿಂಡನ್ ಊರಿನ ನಮ್ಮ ಮನೆಯ ಸಾಲ ತೀರಿತು. 2010ರಲ್ಲಿ 25 ವರ್ಷಗಳ ಅವಧಿಗೆ ತೆಗೆದುಕೊಂಡಿದ್ದ ಒಂದೂವರೆ ಲಕ್ಷ ಪೌಂಡ್‌ಗಳ ಸಾಲವದು. ಪ್ರತಿ ತಿಂಗಳೂ ಕಂತಿನ ಮೇಲೆ ಮೊದಲು ಇನ್ನೂರು, ಆಮೇಲೆ ಮುನ್ನೂರು, ಕೊನೆಗೆ ನಾನೂರು ಪೌಂಡ್‌ ಹೆಚ್ಚಿಗೆ ಕಟ್ಟುತ್ತಾ ಬಂದು 2035ಕ್ಕೆ ಮುಗಿಯಬೇಕಿದ್ದುದನ್ನು ಹತ್ತು ವರ್ಷ ಮೊದಲೇ ಮುಗಿಸಿದೆವು. ಆ ಸಂಜೆ ಕಸದ ಡಬ್ಬಿಯನ್ನು ಬೀದಿಗೆ ತಳ್ಳಿಕೊಂಡು ಹೋದಾಗ ಪಕ್ಕದ ಮನೆಯ ಅಜ್ಜ ಎದುರಾದರು. ಇಲ್ಲಿ ಹಣದ ಮಾತನ್ನು ಹೀಗೆ ಬೀದಿಯಲ್ಲಿ ಆಡುವ ವಾಡಿಕೆಯಿಲ್ಲವೆಂದು ಹದಿನೈದು ವರ್ಷಗಳಿಂದ ತಿಳಿದಿದ್ದರೂ ಹಿಗ್ಗು ತಡೆಯಲಾಗದೆ ಹೇಳಿಬಿಟ್ಟೆ. ಅವರು ಕೈ ಕುಲುಕಿ ಅಭಿನಂದಿಸಿ, ತಮ್ಮ ಡಬ್ಬಿಯ ಮುಚ್ಚಳ ಸರಿಪಡಿಸುತ್ತಾ, "ತಮಾಷೆ ನೋಡಿ, ನಾನು ಹೋದ ವಾರವಷ್ಟೇ ನನ್ನ ಮನೆಯನ್ನು ಅಡವಿಟ್ಟೆ" ಎಂದರು.

ಎಪ್ಪತ್ತೊಂಬತ್ತು ವರ್ಷದ, ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇರುವ, ಸಾಲವೆಲ್ಲ ಎಂದೋ ತೀರಿದ್ದ ಮನೆಯ ಯಜಮಾನ ಹಾಗೆಂದಾಗ ನನ್ನ ಮುಖದಲ್ಲಿ ಮರುಕ ಕಂಡಿರಬೇಕು. ಅವರು ನಕ್ಕು ವಿವರಿಸಿದರು. ಮೊಮ್ಮಗಳು ಮನೆ ಕೊಳ್ಳಬೇಕೆಂದಿದ್ದಾಳೆ, ಮುಂಗಡಕ್ಕೆ ಹಣ ಸಾಲದು. ಅದಕ್ಕಾಗಿ 55 ದಾಟಿದವರಿಗೆ ಕೊಡುವ 'ಲೈಫ್‌ಟೈಮ್ ಮಾರ್ಟ್‌ಗೇಜ್' ಎಂಬ ಸಾಲವನ್ನು, 40 ಸಾವಿರ ಪೌಂಡ್, ನೂರಕ್ಕೆ 6.5ರ ಬಡ್ಡಿಗೆ ಎತ್ತಿದ್ದಾರೆ. "ಕಂತು ಹೇಗೆ ಕಟ್ಟುತ್ತೀರಿ?" ಎಂದು ಕೇಳಿದೆ. "ಕಂತು ಇಲ್ಲ. ನಾನು ಸತ್ತ ಮೇಲೆ ಮನೆಯೇ ತೀರಿಸುತ್ತದೆ" ಎಂದು, ಮಳೆ ಬರುವ ಹಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿ ಒಳಗೆ ಹೋದರು.

ಆ ರಾತ್ರಿ ನನಗೆ ಸಾಲ ತೀರಿದ ಸಂತೋಷ ಹೋಗಿ ಅವರ ಸಾಲದ ಚಿಂತೆ ಹತ್ತಿತು. ಕಟ್ಟದ ಬಡ್ಡಿ ಅಸಲಿಗೆ ಸೇರಿ ಚಕ್ರಬಡ್ಡಿಯಾದರೆ ಆ ದರದಲ್ಲಿ 40 ಸಾವಿರವು 80 ಸಾವಿರವಾಗಲು ಹನ್ನೊಂದೇ ವರ್ಷ ಸಾಕು. ಅವರು ತೀರಿಕೊಂಡ ಮೇಲೋ, ಶಾಶ್ವತವಾಗಿ ವೃದ್ಧಾಶ್ರಮ ಸೇರಿದ ಮೇಲೋ ಮನೆ ಮಾರಿ ಬಾಕಿ ಹಿಡಿದುಕೊಳ್ಳುತ್ತಾರೆ. ಮಾರ್ಟ್‌ಗೇಜ್ ಎಂಬ ಪದಕ್ಕೆ ಹಳೆಯ ಫ್ರೆಂಚಿನಲ್ಲಿ 'ಸತ್ತ ಒತ್ತೆ' ಎಂಬ ಅರ್ಥವಿದೆಯೆಂದು ಎಲ್ಲಿಯೋ ಓದಿದ್ದು ನೆನಪಾಗಿ, ಹದಿನೈದು ವರ್ಷ ಇಂತಹ ಅಪಶಕುನದ ಹೆಸರಿಗೆ ಪ್ರತಿ ತಿಂಗಳು ಒಂದನೇ ತಾರೀಖು ಹಣ ಕಳಿಸುತ್ತಿದ್ದೆನಲ್ಲ ಎನಿಸಿತು.

ಬೇಗ ತೀರಿಸುವುದು ಇಲ್ಲಿ ಅಂದುಕೊಂಡಷ್ಟು ಸರಳವಲ್ಲ. ಎರಡೋ ಐದೋ ವರ್ಷಕ್ಕೆ ದರವನ್ನು ನಿಗದಿ ಮಾಡಿಕೊಂಡರೆ, ಆ ಅವಧಿಯಲ್ಲಿ ವರ್ಷಕ್ಕೆ ಬಾಕಿಯ ಶೇ 10ರಷ್ಟನ್ನು ಮಾತ್ರ ಹೆಚ್ಚಿಗೆ ಕಟ್ಟಲು ಸಾಮಾನ್ಯವಾಗಿ ಅನುಮತಿ, ಮೀರಿದರೆ ದಂಡ. ನಮ್ಮ ಸಾಲದಾತರು ಪ್ರತಿ ವರ್ಷದ ಆರಂಭದ ಬಾಕಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದುದರಿಂದ ಸಾಲ ಕರಗಿದಂತೆ ತೀರಿಸುವ ಅನುಮತಿಯೂ ಕರಗುತ್ತಿತ್ತು, ಮತ್ತು ಕೊನೆಯ ಗಂಟನ್ನು ಕೈಯಲ್ಲಿಟ್ಟುಕೊಂಡು ನಿಗದಿ ಅವಧಿ ಮುಗಿಯುವ ದಿನಕ್ಕೆ ಕಾಯಬೇಕಾಯಿತು. ಚಂಚಲ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕಕೂಡದೆಂದು ನಮ್ಮ ರಿಸರ್ವ್ ಬ್ಯಾಂಕು 2012ರಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ. ಈ ಒಂದು ವಿಷಯದಲ್ಲಿ ಊರೇ ಉದಾರಿ ಎಂದು ಇಲ್ಲಿನ ಸಹೋದ್ಯೋಗಿಗಳ ಮುಂದೆ ನಾನು ಹೆಮ್ಮೆಪಟ್ಟದ್ದುಂಟು.

ಮೊದಲ ವರ್ಷ ಇನ್ನೊಂದು ಪೆಟ್ಟು ತಿಂದೆ. ಹೆಚ್ಚಿಗೆ ಕಟ್ಟಿದ್ದನ್ನು ಸಾಲದಾತರು ಅಸಲಿಗೆ ಹಾಕಿದರೂ, ಅವಧಿಯನ್ನು ಹಾಗೆಯೇ ಉಳಿಸಿ, ಮುಂದಿನ ಕಂತನ್ನು ಕೆಲವು ಪೌಂಡ್ ಇಳಿಸಿದ್ದರು. ಕಂತು ಇಳಿಯುವುದು ಬೇಡ, ಅವಧಿ ಇಳಿಯಲಿ ಎಂದು ಪತ್ರ ಬರೆದು ಕೇಳಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ಈಚೆಗೆ ಇಲ್ಲಿಗೆ ಬಂದು ಮನೆ ಕೊಳ್ಳುವ ಹುಡುಗರು ಲೆಕ್ಕ ಕೇಳಿದರೆ ಒಂದೇ ಉದಾಹರಣೆ ಕೊಡುತ್ತೇನೆ: 2 ಲಕ್ಷ ಪೌಂಡ್, ಶೇ 4ರ ಬಡ್ಡಿ, 25 ವರ್ಷವೆಂದರೆ ತಿಂಗಳ ಕಂತು ಸುಮಾರು 1,056 ಪೌಂಡ್, ಅದಕ್ಕೆ ಇನ್ನೂರು ಸೇರಿಸಿ ಕಟ್ಟಿದರೆ 19 ವರ್ಷದಲ್ಲಿ ಸಾಲ ಮುಗಿಯುತ್ತದೆ, ಬಡ್ಡಿಯಲ್ಲಿ ಸುಮಾರು 31 ಸಾವಿರ ಉಳಿಯುತ್ತದೆ.

ಆದರೆ ನಾನು ಮಾಡಿದ್ದೆಲ್ಲ ಲೆಕ್ಕ ಹಾಕಿಯೇ ಮಾಡಿದ್ದೆಂದರೆ ಸುಳ್ಳಾಗುತ್ತದೆ. ಉಳಿದ ಬಡ್ಡಿಗಳಿಗೆಲ್ಲ ಆಧಾರವಾಗುವ, ಬ್ಯಾಂಕ್ ಆಫ್ ಇಂಗ್ಲೆಂಡ್ ನಿಗದಿ ಮಾಡುವ ಬ್ಯಾಂಕ್‌ದರ ನೂರಕ್ಕೆ 0.1ಕ್ಕೆ ಕುಸಿದಿದ್ದ 2020ರಲ್ಲಿ ನಾವು ಐದು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಕಡಿಮೆ ದರ ನಿಗದಿ ಮಾಡಿಕೊಂಡಿದ್ದೆವು. ಅದೇ ಬ್ಯಾಂಕ್‌ದರ 2023ರ ಆಗಸ್ಟ್‌ನಲ್ಲಿ 5.25ಕ್ಕೇರಿ, ಠೇವಣಿಗೆ ನೂರಕ್ಕೆ ಐದರ ಮೇಲೆ ಬಡ್ಡಿ ಸಿಗತೊಡಗಿದಾಗ ನನ್ನ ಹೆಂಡತಿ, "ಎರಡರ ಸಾಲ ತೀರಿಸಲು ಐದು ದುಡಿಯುವ ಹಣ ಕೊಡುತ್ತಾರೆಯೇ? ಆ ನಾನೂರನ್ನು ಠೇವಣಿಗೆ ಹಾಕಿ, ಅವಧಿ ಮುಗಿದ ದಿನ ಒಟ್ಟಿಗೆ ಕಟ್ಟೋಣ" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ನಾನು ಕೇಳಲಿಲ್ಲ. ನನ್ನ ಹಟಕ್ಕೆ ಕೆಲವು ನೂರು ಪೌಂಡ್ ತೆತ್ತೆವು.

ಆ ಹಟದ ಬೇರು ತೀರ್ಥಹಳ್ಳಿಯ ಕಡೆಯ ನಮ್ಮ ಅಡಿಕೆ ತೋಟದಲ್ಲಿದೆ. ಅತ್ತೆಯ ಮದುವೆಗೆಂದು ನನ್ನ ಅಜ್ಜ ತೋಟದ ಒಂದು ಭಾಗವನ್ನು ಭೋಗ್ಯಕ್ಕೆ ಹಾಕಿದ್ದರು. ಭೋಗ್ಯವೆಂದರೆ ಕೊಟ್ಟವನು ಬಡ್ಡಿ ಕೇಳುವುದಿಲ್ಲ. ಬೆಳೆಯೇ ಅವನ ಬಡ್ಡಿ. ಅಸಲನ್ನು ಒಂದೇ ಗಂಟಾಗಿ ತಂದು ಮುಂದಿಡುವವರೆಗೆ ಸಾಲ ಒಂದು ರೂಪಾಯಿಯಷ್ಟೂ ಇಳಿಯುವುದಿಲ್ಲ. ಅಜ್ಜ ಹೋದ ಮೇಲೆ ಆ ಸಾಲ ಅಪ್ಪಯ್ಯನ ಹೆಗಲಿಗೆ ಬಂತು. ಶಿವಮೊಗ್ಗದ ಮಂಡಿಯಿಂದ ಹಣ ಬಂದ ವರ್ಷ ಅಷ್ಟಿಷ್ಟು ಹಿಡಿದುಕೊಂಡು ಹೋಗಿ "ಇದನ್ನು ಅಸಲಿಗೆ ಹಿಡಿದುಕೊಳ್ಳಿ" ಎಂದರೆ, "ಪೂರ್ತಿ ಆದಾಗ ಬಾ ಮಾರಾಯ" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರಂತೆ. ಪೂರ್ತಿಯಾಗಲು ಹನ್ನೊಂದು ವರ್ಷ ಹಿಡಿಯಿತು. ನಮ್ಮದೇ ಬೇಲಿಯೊಳಗಿನ ಆ ಸಾಲುಗಳಲ್ಲಿ ಉದುರಿದ ಗೋಟಡಿಕೆಯನ್ನು ನಾನು ಹೆಕ್ಕಿ ಚಡ್ಡಿಯ ಜೇಬಿಗೆ ಹಾಕಿಕೊಂಡಾಗ, ಅಪ್ಪಯ್ಯ ಬೈಯದೆ, ಕೈ ಹಿಡಿದು ಹಿಂದಕ್ಕೆ ಕರೆದೊಯ್ದು, ಅದೇ ಮರದ ಬುಡದಲ್ಲಿ ಇಡಿಸಿದ್ದರು.

ಇಂತಹವರ ಮಗನಿಗೆ, ಇನ್ನೂರು ಪೌಂಡ್ ಕಳಿಸಿದ ದಿನವೇ ಅಸಲು ಇನ್ನೂರು ಪೌಂಡ್ ಇಳಿಯುವ ಸಾಲವೆಂದರೆ ಮತ್ತೇರಿದಂತಾಗದೆ ಇರುತ್ತದೆಯೇ! ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಬಾಕಿ ನೋಡುವುದು ನನಗೊಂದು ಚಟವಾಗಿತ್ತು. ಆ ವರ್ಷಗಳಲ್ಲಿಯೇ ಊರಿನ ಮನೆಯ ಅಡುಗೆಮನೆಯ ಮಾಡು ಎರಡು ಮಳೆಗಾಲ ಸೋರಿತೆಂಬುದು ಮಾತ್ರ ಅಮ್ಮನ ಬಾಯಿಂದಲ್ಲ, ತಂಗಿಯಿಂದ ತಿಳಿಯಿತು. ಕೇಳಿದರೆ ಅಮ್ಮ, "ನಿನ್ನ ಸಾಲ ಮೊದಲು ತೀರಲಿ, ಮಾಡಿಗೇನು" ಎಂದಿದ್ದರು.

ಕೆಲವು ದಿನಗಳ ನಂತರ ಪಕ್ಕದ ಮನೆಯ ಅಜ್ಜನನ್ನು ಚಹಾಕ್ಕೆ ಕರೆದಾಗ ಅವರ ಕಥೆ ಗೊತ್ತಾಯಿತು. ಇಲ್ಲಿನ ರೈಲ್ವೆ ಕಾರ್ಖಾನೆ 1986ರಲ್ಲಿ ಮುಚ್ಚಿದಾಗ ಕೆಲಸ ಕಳೆದುಕೊಂಡು, ಬಸ್ ಚಾಲಕರಾಗಿ, 1988ರಲ್ಲಿ ಮನೆ ಕೊಂಡಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಸುಮಾರು 7.5 ಇದ್ದ ಬ್ಯಾಂಕ್‌ದರ ಮರುವರ್ಷ ಅಕ್ಟೋಬರ್ ಹೊತ್ತಿಗೆ 15ರ ಹತ್ತಿರ ಹೋಯಿತು. 1991ರ ಒಂದೇ ವರ್ಷ ಬ್ರಿಟನ್ನಿನಲ್ಲಿ 75 ಸಾವಿರಕ್ಕೂ ಹೆಚ್ಚು ಮನೆಗಳನ್ನು ಸಾಲದಾತರು ವಶಪಡಿಸಿಕೊಂಡರು. ಇದೇ ಬೀದಿಯಲ್ಲಿ ಕೀಲಿಕೈಯನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿ ಹೋದವರನ್ನು ಅವರು ಕಂಡಿದ್ದಾರೆ. ಅವರದು ತಿಂಗಳಿಗೆ ಬಡ್ಡಿ ಮಾತ್ರ ಕಟ್ಟಿ, ಜೊತೆಗೊಂದು ಎಂಡೋಮೆಂಟ್ ವಿಮೆಗೆ ಹಣ ತುಂಬುವ ಸಾಲ; 25 ವರ್ಷದ ಕೊನೆಗೆ ವಿಮೆಯೇ ಅಸಲು ತೀರಿಸುತ್ತದೆಂಬುದು ಭರವಸೆ. 2013ರಲ್ಲಿ ನೋಡಿದರೆ ವಿಮೆಯ ಹಣ ಸಾಲದೆ, ನಿವೃತ್ತಿಗೆಂದು ಕೂಡಿಟ್ಟದ್ದನ್ನೂ ಸುರಿದರಂತೆ. ಹೆಂಡತಿ ಆಗ ಆಸ್ಟ್ರೇಲಿಯಾ ನೋಡಬೇಕೆಂದಿದ್ದರು. ಸಾಲ ತೀರಿದ ಮರುವರ್ಷ ಅವರು ತೀರಿಕೊಂಡರು. "ಈ ಮನೆ ನಮ್ಮಿಬ್ಬರಿಂದ ಸಾಕಷ್ಟು ತೆಗೆದುಕೊಂಡಿದೆ. ಈಗ ಅದು ಸ್ವಲ್ಪ ಕೊಡಲಿ" ಎಂದು ಅಜ್ಜ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. ನನ್ನ ಚಕ್ರಬಡ್ಡಿಯ ಉಪದೇಶ ಬಾಯಲ್ಲೇ ಉಳಿಯಿತು.

ಅಮ್ಮನಿಗೆ ಸಾಲ ತೀರಿದ ಸುದ್ದಿ ಹೇಳಿದಾಗ ಅವರು ಮೊದಲು ಕೇಳಿದ್ದು, "ಪತ್ರ ಕೈಗೆ ಬಂತೇನೋ?" ಎಂದು. ಪತ್ರವೇ ಇಲ್ಲವೆಂದರೆ ಅವರು ನಂಬಲಿಲ್ಲ. ತಪ್ಪು ಅವರದಲ್ಲ. ಬೆಂಗಳೂರಿನಲ್ಲಿ ಗೃಹಸಾಲ ತೀರಿಸಿದ ನಮ್ಮ ಚಿಕ್ಕಪ್ಪನ ಮಗ ಮೂಲಪತ್ರಗಳಿಗಾಗಿ ತಿಂಗಳುಗಟ್ಟಲೆ ಶಾಖೆಗೆ ಅಲೆದದ್ದನ್ನು ಅವರು ನೋಡಿದ್ದಾರೆ. 2023ರ ಡಿಸೆಂಬರ್‌ನಿಂದೀಚೆಗೆ 30 ದಿನಗಳೊಳಗೆ ಪತ್ರ ಹಿಂತಿರುಗಿಸದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರವೆಂಬ ನಿಯಮ ಬಂದದ್ದು ಸುಮ್ಮನೆ ಅಲ್ಲ. ಇಲ್ಲಿಯಾದರೋ ಎಲ್ಲವೂ ಭೂನೋಂದಣಿ ಇಲಾಖೆಯ ಕಂಪ್ಯೂಟರಿನಲ್ಲಿದೆ. ಏಳು ಪೌಂಡ್ ಕೊಟ್ಟು ನಮ್ಮ ಮನೆಯ ದಾಖಲೆ ಇಳಿಸಿಕೊಂಡೆ. ಅದರಲ್ಲಿ ಎ, ಬಿ, ಸಿ ಎಂಬ ಮೂರು ಭಾಗಗಳಿವೆ. ಆಸ್ತಿ ಯಾವುದು, ಯಜಮಾನ ಯಾರು, ಅದರ ಮೇಲಿನ ಋಣ ಏನು. ಆ ಮೂರನೆಯದು ಅಪ್ಪಯ್ಯ ಪಹಣಿ ತಂದಾಗಲೆಲ್ಲ ಮೊದಲು ಕನ್ನಡಕ ಏರಿಸಿ ನೋಡುತ್ತಿದ್ದ 11ನೇ ಕಾಲಮ್ಮೇ. ಹದಿನೈದು ವರ್ಷ ಅಲ್ಲಿದ್ದ ಸಾಲದಾತರ ಹೆಸರು ಈಗ ಇರಲಿಲ್ಲ. ಗೋಡೆಯಾಚೆಯ ಮನೆಯ ಸಿ ಭಾಗದಲ್ಲಿ ಒಂದು ಹೊಸ ಹೆಸರು ಸೇರಿರುತ್ತದೆ.

ಅಮ್ಮನಿಗೆ ವಾಟ್ಸಾಪ್‌ನಲ್ಲಿ ಅದರ ಚಿತ್ರ ಕಳಿಸಿ, ಅಜ್ಜನ ಕಥೆಯನ್ನೂ ಹೇಳಿದೆ. ಇದಕ್ಕೆ ಸೀಲು ಸಹಿ ಏನೂ ಇಲ್ಲವಲ್ಲ ಎಂದು ಅವರು ಸ್ವಲ್ಪ ಹೊತ್ತು ಕೊರಗಿದರು. ಆಮೇಲೆ, "ಪಾಪ, ಆ ಅಜ್ಜನಿಗೆ ಬಡ್ಡಿ ಎಷ್ಟಂತೆ?" ಎಂದು ಕೇಳಿದರು. ಆರೂವರೆ ಎಂದೆ.

"ಆರೂವರೆಯಾ? ನಮ್ಮ ಸೊಸೈಟಿಯಲ್ಲಿ ಬೆಳೆಸಾಲಕ್ಕೆ ಸೊನ್ನೆ ಬಡ್ಡಿ, ಗೊತ್ತಲ್ಲ. ಅವರಿಗೆ ಒಂದು ಎಕರೆ ತೋಟ ಇದ್ದಿದ್ದರೆ ಆಗ್ತಿತ್ತು."