ಆಗುಂಬೆಗೆ ಹೊರಟು ಸ್ಟುಟ್‌ಗಾರ್ಟ್ ಮುಟ್ಟಿದ್ದು

ಆಗುಂಬೆಯಲ್ಲಿ ಸೂರ್ಯಾಸ್ತ ಕಾಣಲಿಲ್ಲ. ಶ್ರಾವಣದ ಮಳೆಯಲ್ಲಿ ಅಲ್ಲಿಗೆ ಹೋಗಿ ಸೂರ್ಯನನ್ನು ಹುಡುಕುವವರನ್ನು ದೇವರೇ ಕಾಪಾಡಬೇಕು. ಆದರೂ ಹೊರಟಿದ್ದು ಚಿಕ್ಕಮ್ಮನ ಹಟಕ್ಕೆ. ಮಗಳ ಬಾಣಂತನಕ್ಕೆಂದು ಚಿಕ್ಕಪ್ಪನ ಜೊತೆ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿದ್ದವರು ಈಗಷ್ಟೇ ಊರಿಗೆ ಮರಳಿದ್ದರು. "ಅಲ್ಲಿಯದು ಮಳೆಯಾ ಮಾರಾಯ? ಅಂಗಳಕ್ಕೆ ನೀರು ಚಿಮುಕಿಸಿದ ಹಂಗೆ. ಒಂದ್ಸಲ ನಮ್ಮ ಮಳೆ ನೋಡ್ಬೇಕು, ನಡಿ" ಎಂದರು.

ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಕೂತೆವು. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟಿದ್ದೇ ತಡ, ಚಿಕ್ಕಮ್ಮನ ಪುರಾಣ ಶುರು.

"ಇವನು ನೋಡು, ತಾನೇ ಬಂದು ಕೇಳಿ ದುಡ್ಡು ತಗೊಂಡ. ಅಲ್ಲಿ ಕೇಳೋರೇ ಇಲ್ಲ. ಕೇಳಿದ್ರೆ ಮಾತ್ರ ಮುಗೀತು!"

ಚಿಕ್ಕಪ್ಪ ಅಲ್ಲಿ ಯಾವುದೋ ಊರು ನೋಡಲು ಹೋದಾಗ ಟಿಕೆಟ್ ಕೊಂಡು, ಭದ್ರವಾಗಿ ಜೇಬಿನಲ್ಲಿಟ್ಟುಕೊಂಡೇ ರೈಲು ಹತ್ತಿದ್ದರಂತೆ. ಮಫ್ತಿಯಲ್ಲಿದ್ದ ತಪಾಸಣೆಯವರು 60 ಯೂರೋ ದಂಡ ಹಾಕಿದರು. ಆ ದುಡ್ಡಿನ ಲೆಕ್ಕ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಹೋಗುವವರು ನೆನಪಿಡಿ: ಅಲ್ಲಿಯ ಹಲವು ಊರುಗಳಲ್ಲಿ ಟಿಕೆಟ್ ಕೊಂಡರಷ್ಟೇ ಸಾಲದು, ಪ್ಲಾಟ್‌ಫಾರಂ ದಾರಿಯಲ್ಲಿ ನಿಲ್ಲಿಸಿರುವ ಪುಟ್ಟ ಪೆಟ್ಟಿಗೆಗೆ ಅದನ್ನು ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ.

ಗಾಜನೂರು ದಾಟಿತು, ಸಕ್ರೆಬೈಲೂ ದಾಟಿತು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಹಕ್ಕಿಗಳಿದ್ದಿರಬೇಕು. ನಾನು ಕಿಟಕಿಯ ಕಡೆ ತಿರುಗಲೂ ಇಲ್ಲ, ಚಿಕ್ಕಮ್ಮ ಆಗ 'ಕೇರ್‌ವೋಖೆ' ಕಥೆಗೆ ಬಂದಿದ್ದರು.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹಿಡಿಕೆಗೆ ಒಂದು ಪುಟ್ಟ ಬೋರ್ಡ್ ನೇತಾಡುತ್ತಿತ್ತಂತೆ. "ನಂಗೆ ಎದೆ ಧಸಕ್ ಅಂತು. ಅಳಿಯ ಬಾಡಿಗೆ ಕಟ್ಟಿಲ್ಲ, ಸೊಸೈಟಿಯವರ ಹಂಗೆ ನೋಟಿಸ್ ಅಂಟಿಸಿ ಹೋಗಿದಾರೆ ಅಂತ." ನೋಟಿಸಲ್ಲ, ಗುಡಿಸುವ ಪಾಳಿ! ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಇವರ ಮನೆಯದು. ವಾರ ಮುಗಿದ ಮೇಲೆ ಬೋರ್ಡನ್ನು ಪಕ್ಕದ ಮನೆಯ ಬಾಗಿಲಿಗೆ ದಾಟಿಸಬೇಕು. ಇದರಲ್ಲೂ ಚಿಕ್ಕದು, ದೊಡ್ಡದು ಎಂದಿದೆ. ಚಿಕ್ಕದೆಂದರೆ ನಮ್ಮ ಮಹಡಿಯ ಮೆಟ್ಟಿಲಷ್ಟೇ. ದೊಡ್ಡದಕ್ಕೆ ಮನೆ ಮುಂದಿನ ಕಾಲುದಾರಿ, ನೆಲಮಾಳಿಗೆ ಎಲ್ಲ ಸೇರುತ್ತದೆ. ಆ ಸೀಮೆಯಲ್ಲಿ ಗುಡಿಸುವ ಕಟ್ಟಳೆ ಶತಮಾನಗಳಷ್ಟು ಹಳೆಯದು. ಸ್ಟುಟ್‌ಗಾರ್ಟ್ ನಗರಾಡಳಿತ 1988ರಲ್ಲಿ ತನ್ನ ಕಡ್ಡಾಯವನ್ನು ಕೈಬಿಟ್ಟರೂ ಬಾಡಿಗೆ ಕರಾರುಗಳಲ್ಲಿ ಅದು ಗಟ್ಟಿಯಾಗಿ ಕೂತಿದೆ.

ಬೆಳಗಾದರೆ ಅಂಗಳ ಸಾರಿಸುವ ಚಿಕ್ಕಮ್ಮನಿಗೆ ಇದಕ್ಕಿಂತ ಬೇರೇನು ಬೇಕು? ಮೆಟ್ಟಿಲು ತಿಕ್ಕಿ ತೊಳೆದರು. ಕೆಳಮನೆಯ ಅಜ್ಜಿ ಬಂದು, ಕೈಕಂಬಿಯ ಮೇಲೆ ಬೆರಳಾಡಿಸಿ, ಧೂಳಿಲ್ಲವೆಂದು ಖಾತ್ರಿ ಮಾಡಿಕೊಂಡು, ತಲೆಯಾಡಿಸಿ ಹೋದರು.

"ಅಲ್ಲಿಗೇ ಬಿಡಬಹುದಿತ್ತಲ್ಲ?" ಎಂದೆ.

"ಸಾರಿಸಿದ ಜಾಗ ಬೋಳು ಬಿಡೂಕಾಗುತ್ತಾ? ಅಕ್ಕಿಹಿಟ್ಟಲ್ಲಿ ಸಣ್ಣ ರಂಗೋಲಿ ಹಾಕ್ದೆ."

ಅರ್ಧ ಗಂಟೆಯಲ್ಲಿ ಅದೇ ಅಜ್ಜಿ ಪೊರಕೆ ಹಿಡಿದು ಹಾಜರ್. ಒರೆಸಿದ ಮೆಟ್ಟಿಲ ಮೇಲೆ ಹಿಟ್ಟು ಚೆಲ್ಲಿದ್ದೀರಿ ಎಂದು ಜರ್ಮನ್ ಭಾಷೆಯಲ್ಲಿ ಅವರು, ಇದು ಲಕ್ಷ್ಮೀ ಬರೋ ದಾರಿ ಎಂದು ಕನ್ನಡದಲ್ಲಿ ಇವರು. ಕೊನೆಗೆ ಮಗಳು ಬಂದು ರಾಜಿ ಮಾಡಿಸಿದಳು: ರಂಗೋಲಿ ಹೊಸ್ತಿಲ ಒಳಗೆ.

"ಲಕ್ಷ್ಮಿ ಒಳಗಿಂದ ಬರ್ತಾಳಾ? ಹೇಳು ನೋಡ್ವ!" ಎಂದು ಚಿಕ್ಕಮ್ಮ ನನ್ನನ್ನೇ ದಬಾಯಿಸಿದರು. ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿ ನಕ್ಕರು.

ಭಾನುವಾರ ಮಿಕ್ಸಿ ಹಾಕಿದ್ದಕ್ಕೂ ಆ ಅಜ್ಜಿ ಹತ್ತಿ ಬಂದಿದ್ದರಂತೆ. ಅಲ್ಲಿ ಭಾನುವಾರ ಸದ್ದು ಮಾಡುವ ಹಾಗಿಲ್ಲ. ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಹಾಕುವುದಕ್ಕೂ ಸೋಮವಾರ ಬರಬೇಕು. ಅಂಗಡಿಗಳೂ ಬಂದ್. ನನಗೇನೋ ಈ ಪದ್ಧತಿ ಹಿಡಿಸಿತು. ನಮ್ಮ ಬೀದಿಯ ಮೈಕಾಸುರರಿಗೆ ಅಂಥದೊಂದು ಅಜ್ಜಿ ಬೇಕು.

ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಆಗುಂಬೆ ಸೇರಿದೆವು. ವ್ಯೂ ಪಾಯಿಂಟಿನಲ್ಲಿ ಎದುರಿಗೆ ಬರೀ ಬಿಳಿ ಮಂಜು, ಕಾಲಿಗೆ ಇಂಬಳ. ಮಳೆ ಮಾತ್ರ ಚಿಕ್ಕಮ್ಮ ಬಯಸಿದಂತೆಯೇ ಕೊಡೆಯನ್ನು ತಿರುಚಿಹಾಕುವಂತೆ ಸುರಿಯಿತು. ಅವರ ಕಣ್ಣು ಮಳೆಯ ಮೇಲಿರಲಿಲ್ಲ. ಕಟ್ಟೆಯ ಪಕ್ಕ ಪ್ರವಾಸಿಗರು ಎಸೆದ ನೀರಿನ ಬಾಟಲಿಗಳನ್ನು ಎಣಿಸುತ್ತಿದ್ದರು.

"ಅಲ್ಲಿ ಖಾಲಿ ಬಾಟ್ಲಿ ಮಿಷನ್ನಿಗೆ ಹಾಕಿದ್ರೆ ಒಂದಕ್ಕೆ 25 ಸೆಂಟ್ ವಾಪಸ್. ಕೊಳ್ಳುವಾಗಲೇ ಡಿಪಾಸಿಟ್ ಹಿಡ್ಕೊಂಡಿರ್ತಾರೆ. ಇಲ್ಲಿ 40 ಇದೆ. 10 ಯೂರೋ ಆತು!"

"ಇಲ್ಲಿ ಮಿಷನ್ ಎಲ್ಲಿಂದ ತರೋದು ಚಿಕ್ಕಮ್ಮ?"

"ಮಿಷನ್ ಇಲ್ದಿದ್ರೆ ಏನಾತು, ನಿನ್ನ ಬ್ಯಾಗಿದೆಯಲ್ಲ."

ತೀರ್ಥಹಳ್ಳಿಯ ಗುಜರಿ ಅಂಗಡಿಯಲ್ಲಿ ಅಷ್ಟಕ್ಕೂ ಸೇರಿ 10 ರೂಪಾಯಿ ಎಂದರು. ಚಿಕ್ಕಮ್ಮ ಚೌಕಾಸಿ ಮಾಡಿ 12ಕ್ಕೆ ಏರಿಸಿದರು.