ಧಕ್ಕೆಯಲ್ಲಿ ಒಂದು ಪಾಠ

ನಿನ್ನೆ ಬೆಳಿಗ್ಗೆ ಉತ್ತರಾಖಂಡದ ಕಾಲೇಜು ಮಕ್ಕಳನ್ನು ಮಂಗಳೂರಿನ ಧಕ್ಕೆಗೆ, ಅಂದರೆ ಮೀನುಗಾರಿಕಾ ಬಂದರಿಗೆ, ಕರೆದುಕೊಂಡು ಹೋಗಿದ್ದೆ. ರಾಜ್ಯಗಳನ್ನು ಜೋಡಿ ಮಾಡುವ ಕೇಂದ್ರದ 'ಏಕ ಭಾರತ ಶ್ರೇಷ್ಠ ಭಾರತ' ಕಾರ್ಯಕ್ರಮದಲ್ಲಿ ನಮ್ಮ ಜೋಡಿ ರಾಜ್ಯ ಅದೇ ಅಲ್ವಾ. ಒಬ್ಬಳು ಸುಮ್ನೆ ಇರದೆ ಬೂತಾಯಿ ಮೀನಿಗೆ ಹಿಂದಿಯಲ್ಲಿ ಚೌಕಾಸಿ ಮಾಡಿದಳು. ಮೀನು ಮಾರುವ ಅಕ್ಕ ನಕ್ಕು, "ಏತ್ ಅಂತ ಕೇಳು ಮಗಾ" ಎಂದರು. ತುಳುವಿನಲ್ಲಿ ಏತ್ ಅಂದರೆ ಎಷ್ಟು.

ಅವಳಿಗೆ ಐಎಎಸ್ ಆಸೆ. ತರಬೇತಿ ಅವಳ ರಾಜ್ಯದ ಮಸೂರಿಯಲ್ಲೇ. ಅಲ್ಲಿ ಹೊಸ ಅಧಿಕಾರಿಗಳನ್ನು ಭಾರತ ದರ್ಶನಕ್ಕೆ ಕಳಿಸುತ್ತಾರೆ, ಕೆಲಸಕ್ಕೆ ಸಿಕ್ಕ ರಾಜ್ಯದ ಭಾಷೆಯನ್ನೂ ಕಲಿಸುತ್ತಾರೆ. ಕರ್ನಾಟಕ ಸಿಕ್ಕರೆ ಕನ್ನಡ ಕಲಿತಾಳು. ಆದರೆ ಧಕ್ಕೆಗೆ ಅದೊಂದೇ ಸಾಲದು. ತುಳು ಬೇಕು, ಬ್ಯಾರಿ ಬೇಕು. (ನನ್ನ ಬ್ಯಾರಿಯೂ ಅಷ್ಟಕ್ಕಷ್ಟೇ.)

ಹೊರಡುವಾಗ ಅವಳು 'ಹೋಗ್ತೇನೆ' ಎಂದಳು. ಅಕ್ಕ ಮತ್ತೆ ತಿದ್ದಿದರು: "ಹಾಗನ್ನಬಾರದು. ಬರ್ಪೆ ಅನ್ನು." ಬರ್ತೇನೆ ಅಂತ.